ಹಳೆಯ ಜಾಹೀರಾತುಗಳ ಸಂಗ್ರಹವೂ ವಿಕ್ರಯವೂ

ಹಳೆಯ ಮಾಸಪತ್ರಿಕೆಯೊಂದು ಕೈಗೆ ಬಂದರೆ ವಾಚಕರು ಮೊದಲು ಪರಿವಿಡಿ ನೋಡುತ್ತಾರೆ, ಅನಂತರ ಕಥೆಯನ್ನೋ ಪ್ರಬಂಧವನ್ನೋ ತೆರೆಯುತ್ತಾರೆ. ಜಾಹೀರಾತಿನ ಪುಟಗಳನ್ನು ಹೆಬ್ಬೆರಳಿನಿಂದ ತಳ್ಳಿಬಿಡುವುದೇ ವಾಡಿಕೆ. ಆದರೆ ಇದಕ್ಕೆ ತೀರ ವಿಪರೀತವಾದ ಒಂದು ವರ್ಗವೂ ಉಂಟು. ಇವರಿಗೆ ಕಥೆ ಬೇಡ, ಕವಿತೆ ಬೇಡ. ಬೇಕಾದದ್ದು ಸಾಬೂನಿನ, ಕೇಶತೈಲದ, ರೇಡಿಯೋದ, ಗಿರಣಿ ಬಟ್ಟೆಯ ಜಾಹೀರಾತು. ರದ್ದಿ ಅಂಗಡಿಯಲ್ಲಿ ಕಿಲೋ ಲೆಕ್ಕದಲ್ಲಿ ಕೊಂಡ ಪತ್ರಿಕೆಯ ಒಂದೇ ಹಾಳೆಯನ್ನು ಅಂತರ್ಜಾಲದಲ್ಲಿ ತೋರಿಸಿ, ಇಡೀ ಕಟ್ಟಿಗೆ ಕೊಟ್ಟದ್ದಕ್ಕಿಂತ ಹೆಚ್ಚಿನ ಬೆಲೆಗೆ ಮಾರುವವರು ನಮ್ಮ ಕಲ್ಯಾಣ, ಡೊಂಬಿವಲಿ, ಥಾಣೆಗಳಲ್ಲಿಯೂ ಇದ್ದಾರೆ. ಇದೇನು ಹುಚ್ಚು ಎಂದು ಕೇಳುವವರಿಗೂ, ನಾವೂ ಮಾಡಬಹುದೇ ಎಂದು ಕೇಳುವವರಿಗೂ ಒಟ್ಟಿಗೇ ಉತ್ತರ ಹೇಳೋಣವೆಂದು ಈ ಬರಹ.

ಮೊದಲು ಇದರಲ್ಲಿರುವ ಸಂತೋಷದ ಮಾತು. ಕಥೆಗಾರನು ತನ್ನ ಕಾಲದ ಬಗ್ಗೆ ತಾನು ಹೇಳಬೇಕೆಂದುದನ್ನು ಹೇಳುತ್ತಾನೆ. ಜಾಹೀರಾತು ಬರೆಯುವವನು ಹಾಗಲ್ಲ. ಅವನಿಗೆ ಸಾಬೂನು ಮಾರಿದರೆ ಸಾಕು. ಆದ್ದರಿಂದಲೇ ಅವನು ತನಗೆ ಅರಿವಿಲ್ಲದೆ ಆ ಕಾಲದ ಮನೆ, ಉಡುಪು, ಸೀರೆಯ ಸೆರಗು, ಅಡಿಗೆಮನೆಯ ಡಬ್ಬಿ ಎಲ್ಲವನ್ನೂ ಬರೆದಿಟ್ಟುಹೋಗಿದ್ದಾನೆ. ಲಕ್ಸ್ ಸಾಬೂನಿಗೆ ಚಿತ್ರತಾರೆಯರ ಮುಖ ಹಾಕುವ ಪದ್ಧತಿ ನಮ್ಮ ದೇಶದಲ್ಲಿ 1941ರಲ್ಲಿ ಮೊದಲಾಯಿತು. ಆ ಮೊದಲನೆಯ ಮುಖ ಲೀಲಾ ಚಿಟ್ನೀಸರದು. ಅವರು ಹುಟ್ಟಿದ್ದು ನಮ್ಮ ಧಾರವಾಡದಲ್ಲಿ, 1909ರಲ್ಲಿ. ಡಾಲ್ಡಾ ಡಬ್ಬಿ ಬಂದದ್ದು 1937ರಲ್ಲಿ. ಮನೆಯ ತುಪ್ಪ ಬಿಟ್ಟು ಗಿರಣಿಯ ತುಪ್ಪ ತಿನ್ನಿರೆಂದು ಒಂದು ದೇಶವನ್ನು ಒಪ್ಪಿಸುವುದು ಎಷ್ಟು ಕಷ್ಟವಾಗಿದ್ದೀತೆಂಬುದು ಅದರ ಜಾಹೀರಾತುಗಳನ್ನು ಸಾಲಾಗಿ ಇಟ್ಟು ನೋಡಿದವರಿಗೇ ತಿಳಿದೀತು. ಮೈಸೂರು ಸ್ಯಾಂಡಲ್ ಸಾಬೂನಿನ ಮೇಲಿರುವ ಶರಭದ ಚಿತ್ರವನ್ನಂತೂ ಕನ್ನಡಿಗರಿಗೆ ಪರಿಚಯಿಸಬೇಕಾಗಿಲ್ಲ. ಆನೆಯ ತಲೆ, ಸಿಂಹದ ಮೈ. ಇದನ್ನು ಪರವೂರಿನ ಸಂಗ್ರಾಹಕರೂ ಹುಡುಕಿಕೊಂಡು ಬರುತ್ತಾರೆ.

ಪತ್ರಿಕೆ ಹುಟ್ಟಿದ್ದೇ ಜಾಹೀರಾತಿಗಾಗಿ ಎಂಬಂಥ ಉದಾಹರಣೆಯೂ ಉಂಟು. ಬೆಳಗಾವಿಯಲ್ಲಿ ಸೈಕಲ್ ಅಂಗಡಿಯಿಂದ ಆರಂಭಿಸಿದ ಕಿರ್ಲೋಸ್ಕರರು ಕಿರ್ಲೋಸ್ಕರವಾಡಿಗೆ ಹೋಗಿ ನೆಲಸಿದ ಮೇಲೆ, ತಮ್ಮ ಕಾರಖಾನೆಯ ಸುದ್ದಿಯನ್ನು ಗಿರಾಕಿಗಳಿಗೆ ತಿಳಿಸಲೆಂದು 1920ರಲ್ಲಿ ‘ಕಿರ್ಲೋಸ್ಕರ ಖಬರ್’ ಎಂಬ ಹಾಳೆಯನ್ನು ಹೊರಡಿಸಿದರು. ಅದೇ ಬೆಳೆದು ಮರಾಠಿಯ ಹೆಸರಾಂತ ಮಾಸಿಕವಾಯಿತು. ನೇಗಿಲಿನ ಜಾಹೀರಾತು ಹಿಡಿದುಕೊಂಡು ಸಾಹಿತ್ಯವೇ ಮನೆಯೊಳಗೆ ಬಂದಂತೆ. ನೆರೆಯ ಮರಾಠಿ ಮನೆಗಳ ಅಟ್ಟದಲ್ಲಿ ಇದರ ಹಳೆಯ ಸಂಚಿಕೆಗಳು ಇನ್ನೂ ಸಿಗುವುದುಂಟು.

ಅಮೃತಾಂಜನದ ಕಥೆ ಇದಕ್ಕೆ ತಿರುಗುಮುರುಗು. ಕಾಶೀನಾಥುನಿ ನಾಗೇಶ್ವರ ರಾಯರು 1893ರಲ್ಲಿ ಮುಂಬಯಿಯಲ್ಲಿಯೇ ಆ ಔಷಧವನ್ನು ಆರಂಭಿಸಿದರು. ಅದರ ಗಳಿಕೆಯ ಬಲದಿಂದ 1908ರಲ್ಲಿ ‘ಆಂಧ್ರ ಪತ್ರಿಕಾ’ ಇದೇ ಮುಂಬಯಿಯಲ್ಲಿ ಹೊರಬಿತ್ತು. ತಲೆನೋವಿನ ಡಬ್ಬಿ ಒಂದು ಭಾಷೆಯ ಪತ್ರಿಕೆಯನ್ನು ಸಾಕಿತು.

ಇನ್ನು ನಮ್ಮ ಕಡೆಯ ಮಾತು. ಥಾಣೆಯಲ್ಲಿ 1925ರಿಂದ ನಡೆದುಬಂದು ಈಗ ಮುಚ್ಚಿಹೋಗಿರುವ ರೇಮಂಡ್ ಉಣ್ಣೆ ಗಿರಣಿ, ಥಾಣೆಯಲ್ಲಿಯೇ ಕಾರಖಾನೆ ಇದ್ದ ಮರ್ಫಿ ರೇಡಿಯೋ, ಅಂಬರನಾಥದ ವಿಮ್ಕೊ ಬೆಂಕಿಪೊಟ್ಟಣ, ಇವುಗಳ ಜಾಹೀರಾತುಗಳಿಗೆ ಇಲ್ಲಿಯವರಲ್ಲಿ ವಿಶೇಷ ಪ್ರೀತಿ. ಬೆರಳು ಬಾಯಿಗಿಟ್ಟುಕೊಂಡ ಮರ್ಫಿ ಮಗುವನ್ನು ಕಂಡು ಕಣ್ಣರಳಿಸದ ಹಿರಿಯರನ್ನು ನಾವು ಕಂಡಿಲ್ಲ. ಮುಂಬಯಿಯ ಬಟ್ಟೆ ಗಿರಣಿಗಳದಂತೂ ಬೇರೆಯೇ ಅಧ್ಯಾಯ. 1982ರ ಜನವರಿ 18ರಂದು ಮೊದಲಾದ ಮುಷ್ಕರದಲ್ಲಿ ಸುಮಾರು ಎರಡೂವರೆ ಲಕ್ಷ ಕೆಲಸಗಾರರು ಹೊರಬಿದ್ದರು; ಅನೇಕ ಗಿರಣಿಗಳು ಮತ್ತೆ ಮೊದಲಿನಂತೆ ನಡೆಯಲಿಲ್ಲ. ಚಿಮಣಿ ಹೋಯಿತು, ಭೋಂಗಾ ಹೋಯಿತು, ಆ ಜಾಗದಲ್ಲಿ ಗಾಜಿನ ಕಟ್ಟಡಗಳೆದ್ದವು. ಗಿರಣಿಯ ಹೆಸರು, ಮುದ್ರೆ, ವಾಯಲ್ ಸೀರೆಯ ಅಂಚು ಇವು ಉಳಿದದ್ದು ವಾರಪತ್ರಿಕೆಯ ಹಾಳೆಯಲ್ಲಿ. ಗಿರಣಿಯ ಲೆಕ್ಕದ ಮೇಜಿನ ಹಿಂದೆ ಕೂರುವ ನಮಗೆ ಈ ಹಾಳೆಗಳು ಬರಿಯ ಚಿತ್ರವಾಗಿ ಕಾಣುವುದಿಲ್ಲ.

ಇವೆಲ್ಲಕ್ಕಿಂತ ಅಮೂಲ್ಯವಾದುದು, ಆದರೆ ಪೇಟೆಯಲ್ಲಿ ಕಾಸಿನ ಬೆಲೆಯೂ ಇಲ್ಲದ್ದು, ಕನ್ನಡ ಸಂಘಗಳ ಸ್ಮರಣ ಸಂಚಿಕೆಗಳ ಜಾಹೀರಾತು. ನಾಡಹಬ್ಬಕ್ಕೋ ವಾರ್ಷಿಕೋತ್ಸವಕ್ಕೋ ಹೊರಟ ಸಂಚಿಕೆಯಲ್ಲಿ ಮುಂದೆ ನಾಲ್ಕು ಲೇಖನ, ಹಿಂದೆ ನಲವತ್ತು ಜಾಹೀರಾತು ಎಂದು ನಗುವವರಿದ್ದಾರೆ. ನಗಲಿ. ಆ ಹಿಂದಿನ ಪುಟಗಳಲ್ಲಿ ಉಡುಪಿ ಹೋಟೆಲಿನವರು, ದರ್ಜಿಯವರು, ಮುದ್ರಣಾಲಯದವರು, ಬ್ಯಾಂಕಿನವರು ತಮ್ಮ ಹೆಸರು, ಬೀದಿ, ನಿಲ್ದಾಣದ ಪೂರ್ವವೋ ಪಶ್ಚಿಮವೋ ಎಂಬುದನ್ನು ಸಹ ಅಚ್ಚು ಹಾಕಿಸಿದ್ದಾರೆ. ಯಾವ ಕನ್ನಡಿಗನು ಯಾವ ಊರಿಗೆ ಎಂದು ಬಂದು ಏನು ವ್ಯಾಪಾರ ಹೂಡಿದನೆಂಬುದಕ್ಕೆ ಎಷ್ಟೋ ಕಡೆ ಇದೊಂದೇ ಲಿಖಿತ ಸಾಕ್ಷಿ. ಬ್ಯಾಂಕುಗಳನ್ನೇ ನೋಡಿರಿ. ವಿಜಯಾ ಬ್ಯಾಂಕು 2019ರಲ್ಲಿ ಬ್ಯಾಂಕ್ ಆಫ್ ಬರೋಡದಲ್ಲಿ, ಸಿಂಡಿಕೇಟ್ ಬ್ಯಾಂಕು 2020ರಲ್ಲಿ ಕೆನರಾದಲ್ಲಿ, ಕಾರ್ಪೊರೇಷನ್ ಬ್ಯಾಂಕು ಅದೇ ವರ್ಷ ಯೂನಿಯನ್ ಬ್ಯಾಂಕಿನಲ್ಲಿ ಸೇರಿಹೋದವು. ಮೈಸೂರು ಸ್ಟೇಟ್ ಬ್ಯಾಂಕು 2017ರಲ್ಲಿಯೇ ಭಾರತೀಯ ಸ್ಟೇಟ್ ಬ್ಯಾಂಕಿನೊಳಗೆ ಲೀನವಾಯಿತು. ಬೀದಿಯ ಫಲಕಗಳೆಲ್ಲ ಇಳಿದಿವೆ. ಪಿಗ್ಮಿ ಠೇವಣಿಯ ಜಾಹೀರಾತು ಮಾತ್ರ ಸ್ಮರಣ ಸಂಚಿಕೆಯಲ್ಲಿ ಇನ್ನೂ ನಮ್ಮಿಂದ ದಿನದ ಕಾಸು ಕೇಳುತ್ತಿದೆ.

ಇಂಥ ಪುಟಗಳು ಇಷ್ಟು ವಿರಳವಾದದ್ದೇಕೆ? ಇದಕ್ಕೆ ವಾಚನಾಲಯಗಳೂ ಒಂದು ಕಾರಣ. ವರ್ಷದ ಸಂಚಿಕೆಗಳನ್ನು ಸೇರಿಸಿ ರಟ್ಟು ಕಟ್ಟಿಸುವಾಗ ಸಂಪುಟ ದಪ್ಪವಾಗಬಾರದೆಂದು ಹೊದಿಕೆಯನ್ನೂ ಜಾಹೀರಾತಿನ ಹಾಳೆಗಳನ್ನೂ ಕಿತ್ತುಹಾಕುವುದು ಬೈಂಡಿಂಗಿನವರ ಹಳೆಯ ಪದ್ಧತಿ. ಹೀಗೆ ಅನೇಕ ಗ್ರಂಥಾಲಯಗಳಲ್ಲಿ ಕಥೆ ಉಳಿಯಿತು, ಕಾಲ ಹೋಯಿತು. ಈಗ ಅದಕ್ಕೆ ಎದುರಾದ ಅನಾಹುತ ನಡೆಯುತ್ತಿದೆ. ಜಾಹೀರಾತಿಗಾಗಿ ಪತ್ರಿಕೆಯನ್ನೇ ಕತ್ತರಿಸುತ್ತಾರೆ. ಹಾಳೆಗೆ ಎರಡು ಮುಖವೆಂಬುದನ್ನು ಕತ್ತರಿ ಬಲ್ಲುದೇ? ಮುಂದೆ ಕೇಶತೈಲವಿದ್ದರೆ ಹಿಂದೆ ಕಥೆಯ ಕಡೆಯ ಪುಟವಿರುತ್ತದೆ. ದಾನವಾಗಿ ಬಂದ ಒಂದು ಕಟ್ಟಿನಲ್ಲಿ ನಾಲ್ಕು ಕಡೆ ಕಥೆಗಳು ಬಾವಿಯಲ್ಲಿ ಇಳಿಬಿಟ್ಟ ಹಗ್ಗದಂತೆ ನಡುವೆಯೇ ತುಂಡಾಗಿದ್ದುದನ್ನು ನಾವು ಕಂಡಿದ್ದೇವೆ.

ಆದ್ದರಿಂದ ನಮ್ಮ ಅಭಿಪ್ರಾಯ ಇಷ್ಟು. ಬೆನ್ನು ಮುರಿದು, ಪುಟ ಕಳೆದು, ಗೆದ್ದಲು ತಿಂದು ಹೇಗೂ ರದ್ದಿಗೆ ಹೋಗುವ ಪ್ರತಿಯಿಂದ ಹಾಳೆ ಬಿಡಿಸಿಕೊಳ್ಳುವುದರಲ್ಲಿ ದೋಷವಿಲ್ಲ. ಪೂರ್ತಿಯಾಗಿ ಉಳಿದ ಸಂಚಿಕೆಯನ್ನು ಕತ್ತರಿಸಬಾರದು. ಅದನ್ನು ಸಂಚಿಕೆಯಾಗಿಯೇ ಮಾರಬಹುದು. ಲಕ್ಷಗಟ್ಟಲೆ ಅಚ್ಚಾದ ಇಂಗ್ಲಿಷ್ ವಾರಪತ್ರಿಕೆಯ ಒಂದು ಪ್ರತಿ ಹೋದರೆ ಬೇರೊಂದು ಸಿಕ್ಕೀತು. ಕೆಲವೇ ನೂರು ಪ್ರತಿ ಅಚ್ಚಾದ ಸ್ಮರಣ ಸಂಚಿಕೆಗೂ, ಹಳೆಯ ‘ಜಯ ಕರ್ನಾಟಕ’ಕ್ಕೂ ಆ ಮಾತು ಹೇಳಲಾಗದು. ಹಾಳೆ ಬಿಡಿಸಿದೊಡನೆ ಪತ್ರಿಕೆಯ ಹೆಸರು, ತಿಂಗಳು, ವರ್ಷ, ಪುಟಸಂಖ್ಯೆಗಳನ್ನು ಬೇರೆ ಚೀಟಿಯಲ್ಲಿ ಬರೆದು ಜೊತೆಗಿಡಬೇಕು. ಹಾಳೆಯ ಮೇಲೆ ಶಾಯಿಯಲ್ಲಿ ಬರೆಯಬಾರದು. ಈ ಚೀಟಿಯಿಲ್ಲದ ಜಾಹೀರಾತು ತಂದೆತಾಯಿಯ ಹೆಸರು ಮರೆತ ಮಗುವಿನಂತೆ. ಕೊಳ್ಳುವವನೂ ಅರ್ಧ ಬೆಲೆಗೆ ಕೇಳುತ್ತಾನೆ.

ಚೀಟಿ ಇಲ್ಲದೆ ಬಿಡಿಯಾಗಿ ಸಿಕ್ಕ ಹಾಳೆಯ ಕಾಲ ಹೇಳುವುದು ಹೇಗೆ? ಈ ಹವ್ಯಾಸದ ನಿಜವಾದ ರುಚಿ ಇಲ್ಲಿದೆಯೆಂದು ನಮಗೆ ತೋರುತ್ತದೆ. ಬೆಲೆ ಬರಿಯ ಆಣೆಗಳಲ್ಲಿದ್ದರೆ ಅದು ಸಾಮಾನ್ಯವಾಗಿ 1957ರ ಏಪ್ರಿಲ್‌ಗೆ ಮುಂಚಿನದು. ಅಂದು ದಶಮಾಂಶ ನಾಣ್ಯ ಬಂತು. ‘ನಯೇ ಪೈಸೆ’ ಎಂದಿದ್ದರೆ ಅಲ್ಲಿಂದ 1964ರ ನಡುವಣದು. ಆ ವರ್ಷದ ಜೂನ್‌ನಲ್ಲಿ ‘ನಯಾ’ ಎಂಬ ಮಾತನ್ನು ಬಿಟ್ಟರು. ತೂಕ ಸೇರು, ತೊಲಗಳಲ್ಲಿದ್ದರೆ ಹಳೆಯದು, ಗ್ರಾಮುಗಳಲ್ಲಿದ್ದರೆ ಮೆಟ್ರಿಕ್ ಪದ್ಧತಿ ಬಂದ ಮೇಲಿನದು. ವಿಳಾಸದಲ್ಲಿ ಆರು ಅಂಕಿಯ ಪಿನ್ ಕೋಡ್ ಇದ್ದರೆ 1972ರ ಆಗಸ್ಟ್ 15ರ ಈಚಿನದು. ‘ಮೈಸೂರು ರಾಜ್ಯ’ ಎಂದಿದ್ದರೆ 1973ರ ನವೆಂಬರ್‌ಗೆ ಹಿಂದಿನದೆಂದು ಊಹಿಸಬಹುದು. ‘ಹಿಂದುಸ್ತಾನ್ ಲೀವರ್’ ಎಂಬ ಹೆಸರು 1956ಕ್ಕೆ ಮುಂಚೆ ಇರಲಿಲ್ಲ. ನವಿಮುಂಬಯಿಯ ವಾಚಕರಿಗೆ ಒಂದು ಕುರುಹು: ಸಿಡ್ಕೊ ಸ್ಥಾಪನೆಯಾದದ್ದು 1970ರಲ್ಲಿ. ‘ನ್ಯೂ ಬಾಂಬೆಗೆ ಬನ್ನಿ’ ಎಂದು ಕರೆಯುವ ಜಾಹೀರಾತು ಅದಕ್ಕಿಂತ ಹಳೆಯದಾಗಿರಲಾರದು.

ಕಾಯಿದೆಗಳೂ ಕಾಲ ಹೇಳುತ್ತವೆ. ಮಧುಮೇಹ, ಮೂರ್ಛೆರೋಗ, ಕುರುಡು ಎಲ್ಲವನ್ನೂ ಒಂದೇ ಸೀಸೆಯಿಂದ ಗುಣಪಡಿಸುತ್ತೇವೆಂಬ ಘೋಷಣೆಗಳನ್ನು 1954ರ ಔಷಧ ಮತ್ತು ಮಾಂತ್ರಿಕ ಪರಿಹಾರಗಳ ಕಾಯಿದೆ ನಿಷೇಧಿಸಿತು. ಎಳೆಗೂಸಿನ ಡಬ್ಬಿಹಾಲಿನ ಜಾಹೀರಾತು 1992ರ ಕಾಯಿದೆಯಿಂದ, ಸಿಗರೇಟಿನದು 2003ರ ಕಾಯಿದೆಯಿಂದ ನಿಂತವು. ಇಂದು ಅಚ್ಚು ಹಾಕಿದರೆ ಕೋರ್ಟಿಗೆ ಹೋಗಬೇಕಾದ ಮಾತುಗಳು ಅಂದು ಮರ್ಯಾದಸ್ಥ ಪತ್ರಿಕೆಯ ಹಿಂಬದಿಯಲ್ಲಿ ನಗುತ್ತ ಕುಳಿತಿರುತ್ತಿದ್ದವು.

ನಕಲಿನ ಹಾವಳಿಯೂ ಇದೆ. ಬಣ್ಣದ ಪ್ರಿಂಟರಿನಲ್ಲಿ ತೆಗೆದ ಪ್ರತಿಗೆ ಚಹದ ನೀರು ಸವರಿ ಹಳೆಯದೆಂದು ಮಾರುವವರಿದ್ದಾರೆ. ಒಂದು ಭೂತಗನ್ನಡಿ ಹಿಡಿದು ನೋಡಿರಿ. ಹಳೆಯ ಬ್ಲಾಕಿನ ಚಿತ್ರದಲ್ಲಿ ಚುಕ್ಕಿಗಳು ಸಾಲುಗಟ್ಟಿ ನಿಂತಿರುತ್ತವೆ. ಪ್ರಿಂಟರಿನದರಲ್ಲಿ ಎರಚಿದ ಹಾಗೆ ಚೆದರಿರುತ್ತವೆ. ಹಾಳೆ ತಿರುವಿದರೆ ಹಿಂದೆ ಸಂಬಂಧಪಟ್ಟ ಅಚ್ಚು ಇರಲೇಬೇಕು. ಹಿಂಬದಿ ಖಾಲಿಯಿರುವ ‘ಪತ್ರಿಕೆಯ ಹಾಳೆ’ಯನ್ನು ಸಂಶಯದಿಂದ ನೋಡುವುದೇ ಲೇಸು.

ಇನ್ನು ಮಾರಾಟ. ಮೊದಲು ಈ ವ್ಯವಹಾರ ಚೋರ್ ಬಜಾರಿನ ಮಟನ್ ಸ್ಟ್ರೀಟಿನಲ್ಲಿ, ಮಾಟುಂಗದ ಕಾಲುದಾರಿಯ ಪುಸ್ತಕದಂಗಡಿಗಳಲ್ಲಿ ನಡೆಯುತ್ತಿತ್ತು. ಈಗಲೂ ಅಲ್ಲಿ ಸುತ್ತಾಡಿದರೆ ಕಣ್ಣು ಪಳಗುತ್ತದೆ. ಅಂತರ್ಜಾಲದ ಹರಾಜಿಗೆ ಮುಂಬಯಿಯಲ್ಲಿ ಹುಟ್ಟಿದ ಬಾಜೀ ಎಂಬ ತಾಣವನ್ನು 2004ರಲ್ಲಿ ಈಬೇ ಕೊಂಡುಕೊಂಡಿತು. ಅದರ ಭಾರತದ ತಾಣ 2018ರಲ್ಲಿ ಮುಚ್ಚಿತು. ಈಗ ಹೊರದೇಶದ ತಾಣದಲ್ಲಿ ಇಡುವವರು ಕೆಲವರು, ಫೇಸ್‌ಬುಕ್ಕಿನ ಸಂಗ್ರಾಹಕರ ಗುಂಪುಗಳಲ್ಲಿ, ಇನ್‌ಸ್ಟಾಗ್ರಾಮಿನಲ್ಲಿ, ವಾಟ್ಸಾಪಿನಲ್ಲಿ ಇಡುವವರು ಬಹಳ. ಎರಡು ಬದಿಯ ಚಿತ್ರ, ಅಳತೆ, ಹರುಕು, ಕಲೆ, ಮಡಿಕೆ ಎಲ್ಲವನ್ನೂ ಮುಚ್ಚುಮರೆಯಿಲ್ಲದೆ ತಿಳಿಸಿದರೆ ಆಮೇಲೆ ತಕರಾರು ಬರುವುದಿಲ್ಲ. ಶ್ರೀಮಂತರಾಗುವ ಆಸೆ ಬೇಡ. ಟಪಾಲು, ರಟ್ಟು, ಓಡಾಟ ಎಲ್ಲ ಕಳೆದರೆ ತಿಂಗಳ ಪುಸ್ತಕದ ಖರ್ಚು ಹೊರಟೀತು, ಅಷ್ಟೆ.

ಹಣದ ವಿಷಯದಲ್ಲಿ ಒಂದು ಮಾತನ್ನು ಗಟ್ಟಿಯಾಗಿ ಹೇಳಬೇಕು. ಕೊಳ್ಳುವೆನೆಂದು ಬಂದವನು ‘ಹಣ ಕಳಿಸಿದ್ದೇನೆ, ನಿಮ್ಮ ಮೊಬೈಲಿನಲ್ಲಿ ಪಿನ್ ಒತ್ತಿ ಸ್ವೀಕರಿಸಿ’ ಎಂದರೆ ಅಲ್ಲಿಗೆ ವ್ಯವಹಾರ ನಿಲ್ಲಿಸಿರಿ. ಯುಪಿಐಯಲ್ಲಿ ಹಣ ಕೊಡುವವನು ಪಿನ್ ಒತ್ತಬೇಕು. ಪಡೆಯುವವನು ಏನನ್ನೂ ಒತ್ತಬೇಕಾಗಿಲ್ಲ. ನಿವೃತ್ತರಾದ ಹಿರಿಯರು ಇದನ್ನು ವಿಶೇಷವಾಗಿ ನೆನಪಿಡಬೇಕು.

ಹೊರದೇಶಕ್ಕೆ ಕಳಿಸುವವರು 1972ರ ಪುರಾತನ ವಸ್ತುಗಳ ಕಾಯಿದೆಯನ್ನೂ ತಿಳಿದಿರಬೇಕು. ನೂರು ವರ್ಷ ದಾಟಿದ ವಸ್ತುಗಳೂ, ಎಪ್ಪತ್ತೈದು ವರ್ಷ ದಾಟಿದ, ಐತಿಹಾಸಿಕ ಮಹತ್ತ್ವವುಳ್ಳ ಹಸ್ತಪ್ರತಿ, ದಾಖಲೆಗಳೂ ಅದರ ಅಡಿಯಲ್ಲಿ ಬರುತ್ತವೆ. ಅವನ್ನು ಖಾಸಗಿಯವರು ಹೊರಗೆ ಕಳಿಸುವಂತಿಲ್ಲ. ಅಷ್ಟು ಹಳೆಯದಿದ್ದರೆ ಬಲ್ಲವರನ್ನು ಕೇಳಿಯೇ ಮುಂದುವರಿಯಬೇಕು. ಮೂಲ ಹಾಳೆಯನ್ನು ಮಾರುವುದು ಬೇರೆ, ಅದರ ಚಿತ್ರವನ್ನು ಅಂಗಿಯ ಮೇಲೆ, ಕಪ್ಪಿನ ಮೇಲೆ ಅಚ್ಚು ಹಾಕಿ ಮಾರುವುದು ಬೇರೆ. ಕಲಾಕಾರನ ಹಕ್ಕು ನಮ್ಮ ದೇಶದಲ್ಲಿ ಅವನ ಮರಣದ ಮೇಲೂ ಅರುವತ್ತು ವರ್ಷ ಇರುತ್ತದೆ. ಕಂಪನಿಯ ಮುದ್ರೆಯ ಹಕ್ಕು ನವೀಕರಿಸುತ್ತಿರುವವರೆಗೂ ಉಳಿಯುತ್ತದೆ.

ಕಾಪಾಡುವ ವಿಷಯದಲ್ಲಿ ನಮಗೆ ಮಳೆಗಾಲವೇ ದೊಡ್ಡ ಶತ್ರು. ಖಾಡಿಯ ಗಾಳಿ ಬೀಸುವ ಥಾಣೆ, ಡೊಂಬಿವಲಿಗಳಲ್ಲಿ ಜೂನ್ ಬಂತೆಂದರೆ ನುಣುಪಾದ ಹಾಳೆಗಳು ಒಂದಕ್ಕೊಂದು ಅಂಟಿಕೊಳ್ಳುತ್ತವೆ. ಹಾಳೆಗಳ ನಡುವೆ ಬಿಳಿಯ ತೆಳು ಕಾಗದ ಹಾಕಿ, ಹೊರಗೋಡೆಗೆ ತಾಗದ ಕಪಾಟಿನಲ್ಲಿ ಮಲಗಿಸಿ ಇಡಬೇಕು. ತುಕ್ಕು ಹಿಡಿಯುವ ಗುಂಡುಸೂಜಿ, ಪಿನ್ನುಗಳನ್ನು ತೆಗೆಯಬೇಕು. ಹರಿದ ಕಡೆ ಸೆಲ್ಲೋಟೇಪು ಹಚ್ಚಲೇಬಾರದು. ಕೆಲವು ವರ್ಷಗಳಲ್ಲಿ ಅದು ಹಳದಿಯ ಗಾಯವಾಗುತ್ತದೆ. ಟಪಾಲಿಗೆ ಹಾಕುವಾಗ ಎರಡು ಗಟ್ಟಿ ರಟ್ಟುಗಳ ನಡುವೆ ಇಟ್ಟು, ಪ್ಲಾಸ್ಟಿಕ್ ಚೀಲದಲ್ಲಿ ಮುಚ್ಚಿ, ಸ್ಪೀಡ್ ಪೋಸ್ಟ್ ಮಾಡಿ, ರಸೀದಿಯ ಚಿತ್ರವನ್ನು ಕೊಂಡವರಿಗೆ ಕಳಿಸಿಬಿಡಿ.

ನಮ್ಮ ವಾಚನಾಲಯದಲ್ಲಿ ಸ್ಮರಣ ಸಂಚಿಕೆಗಳಿಗೆಂದು ಒಂದು ಕಪಾಟನ್ನು ತೆರವು ಮಾಡಿದ್ದೇವೆ. ಈ ಕಡೆಯ ಯಾವುದೇ ಕನ್ನಡ ಸಂಘದ, ಯಾವುದೇ ವರ್ಷದ ಸಂಚಿಕೆ ಮನೆಯಲ್ಲಿದ್ದರೆ ಮಾರುವ ಮೊದಲು ಒಂದು ಸಂಜೆ ತಂದು ತೋರಿಸಿರಿ. ಪುಟಪುಟವೂ, ಜಾಹೀರಾತು ಸಹಿತ, ಚಿತ್ರ ತೆಗೆದುಕೊಂಡು ಸಂಚಿಕೆಯನ್ನು ಅಂದೇ ಮರಳಿ ಕೊಡುತ್ತೇವೆ. ಹೊದಿಕೆ ಹರಿದಿದ್ದರೂ ಚಿಂತೆಯಿಲ್ಲ. ಹಿಂದಿನ ಪುಟಗಳಿದ್ದರೆ ಸಾಕು.