ಮನೆಯನ್ನೇ ಮುರಿದ ಹೂಬಳ್ಳಿ

ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಸಿಯೆರಾ ಮ್ಯಾಡ್ರೆ ಎಂಬ ಊರು. 1894ರಲ್ಲಿ ಆಲಿಸ್ ಬ್ರಗ್‌ಮನ್ ಎಂಬಾಕೆ 75 ಸೆಂಟ್ ಕೊಟ್ಟು ತಂದ ವಿಸ್ಟೀರಿಯಾ ಸಸಿಯನ್ನು ಮನೆಯ ಪಕ್ಕದಲ್ಲಿ ನೆಟ್ಟಳು. ಕಕ್ಕೆಯ ಹಾಗೆ ಗೊಂಚಲು ಗೊಂಚಲಾಗಿ ಜೋತುಬೀಳುವ ನೇರಳೆ ಹೂವಿನ ಈ ಚೀನೀ ಬಳ್ಳಿ ಚಾವಣಿಯೇರಿ ಮನೆಯನ್ನೇ ಹಿಸುಕಿತು. 1931ರಲ್ಲಿ ಮನೆಯನ್ನು ಕೆಡವಬೇಕಾಯಿತು. ಬಳ್ಳಿ ಉಳಿಯಿತು, ಇಂದು ಅದರ ಹರವು ಸುಮಾರು ಒಂದು ಎಕರೆ!

ತಂಪು ಸೀಮೆಯ ತೋಟಗಾರರು ಇದನ್ನು ಕತ್ತರಿಯಿಂದ ಪಳಗಿಸುತ್ತಾರೆ. ಹೂ ಮುಗಿದ ಮೇಲೆ, ಬೇಸಿಗೆಯಲ್ಲಿ, ಉದ್ದದ ಚಿಗುರುಗಳಲ್ಲಿ ಐದಾರು ಎಲೆ ಉಳಿಸಿ ಸವರಬೇಕು. ಎಲೆಯುದುರಿದ ಚಳಿಗಾಲದಲ್ಲಿ ಅವನ್ನೇ ಎರಡು ಮೂರು ಮೊಗ್ಗಿನವರೆಗೆ. ಹೂ ತುಂಬುವುದೂ ಇದರಿಂದಲೇ. ಅವರೆಯ ಕುಲದ್ದಾದ್ದರಿಂದ ಸಾರಜನಕ ಗೊಬ್ಬರ ಸುರಿದರೆ ಬರೀ ಸೊಪ್ಪು. ಬೀಜದ ಗಿಡ ಹೂಬಿಡಲು ಹತ್ತು ಹದಿನೈದು ವರ್ಷ ಕಾಯಿಸೀತು. ಕಸಿ ಸಸಿಯೇ ಲೇಸು. ಅವರೆಯಂತೆಯೇ ಕಾಣುವ ಕಾಯಿ ಮಾತ್ರ ಮಕ್ಕಳ ಕೈಗೆ ಸಿಗಬಾರದು, ಬೀಜ ವಿಷ.