ಚೀಟಿ ಎತ್ತಿ ಕಲಿತ ಡಯಾಲಿಸಿಸ್

ಸೊಪ್ಪು, ಬೇಳೆ ಬೇಯಿಸಿ ಬಸಿದ ಕಟ್ಟನ್ನು ಚೆಲ್ಲಿಬಿಡಿ ಎಂದು ಕೋಲಾರದ ಅಡುಗೆಮನೆಯಲ್ಲಿ ಯಾರಾದರೂ ಹೇಳಿದರೆ, ಅವರ ತಲೆ ನೆಟ್ಟಗಿದೆಯೇ ಎಂದು ನೋಡುತ್ತಾರೆ. ಕಟ್ಟಿಲ್ಲದೆ ಬಸ್ಸಾರೆಲ್ಲಿ? ಆದರೆ ಡಯಾಲಿಸಿಸ್ ಮಾಡಿಸಿಕೊಳ್ಳುವವರ ಮನೆಗೆ ಆಸ್ಪತ್ರೆಯಿಂದ ಬರುವ ಮಾತು ಅದೇ. ಬೇಯಿಸಿ, ಬಸಿದು, ನೀರು ಚೆಲ್ಲಿ, ಉಳಿದದ್ದನ್ನು ತಿನ್ನಿ. ತರಕಾರಿಯ ಪೊಟ್ಯಾಸಿಯಂ ಬಹಳಷ್ಟು ಆ ಕಟ್ಟಿಗೇ ಇಳಿದಿರುತ್ತದೆ. ಕಿಡ್ನಿ ಕೈಕೊಟ್ಟವರ ರಕ್ತದಲ್ಲಿ ಅದು ಏರಿದರೆ ಹೃದಯದ ಬಡಿತವೇ ತಪ್ಪುತ್ತದೆ. ಹಾಗಾಗಿ ಟೊಮೆಟೊ ಮಂಡಿಯ ಊರಿನಲ್ಲಿ ಟೊಮೆಟೊಗೆ ಕಡಿವಾಣ, ಶ್ರೀನಿವಾಸಪುರದ ತೋಪಿನ ಒಡೆಯನಿಗೆ ಮಾವಿನಹಣ್ಣು ಬೇಡ, ಬಿಸಿಲಿಗೆ ಬಾಯಾರಿದರೂ ಎಳನೀರು ಬೇಡ.

ಬೇಡಗಳ ಈ ಪಟ್ಟಿ ಎಲ್ಲರಿಗೂ ಸಿಗುತ್ತದೆ. ಈ ‘ಬೇಕು’, ‘ಬೇಡ’ಗಳೆಲ್ಲ ವೈದ್ಯರಿಗೆ ಹೇಗೆ ಗೊತ್ತಾದವು ಎಂಬುದನ್ನು ಮಾತ್ರ ಯಾರೂ ಹೇಳುವುದಿಲ್ಲ. ಅದನ್ನು ಕಂಡುಹಿಡಿಯುವ ಕಸುಬಿಗೆ ವೈದ್ಯಕೀಯ ಪ್ರಯೋಗ ಎಂದು ಹೆಸರು.

ಡಯಾಲಿಸಿಸ್ ಶುರುವಾದದ್ದು ತೀರಾ ಒರಟಾಗಿ. 1943ರಲ್ಲಿ ಜರ್ಮನ್ನರ ವಶದಲ್ಲಿದ್ದ ನೆದರ್ಲೆಂಡ್ಸ್‌ನ ಕಾಂಪೆನ್ ಎಂಬ ಪುಟ್ಟ ಊರಿನಲ್ಲಿ ವಿಲ್ಲೆಮ್ ಕೋಲ್ಫ್ ಎಂಬ ಯುವ ವೈದ್ಯ, ಮಾಂಸದ ಸಾಸೇಜಿಗೆ ಸುತ್ತುವ ಸೆಲೋಫೇನ್ ಕೊಳವೆಯನ್ನು ಮರದ ಪೀಪಾಯಿಗೆ ಸುತ್ತಿ, ಅದರೊಳಗೆ ರೋಗಿಯ ರಕ್ತ ಹರಿಸಿ, ಉಪ್ಪುನೀರಿನ ತೊಟ್ಟಿಯಲ್ಲಿ ತಿರುಗಿಸಿದ. ಎರಡು ವರ್ಷ, ಹದಿನಾರು ರೋಗಿಗಳು, ಹೇಳಿಕೊಳ್ಳುವಂಥ ಯಶಸ್ಸಿಲ್ಲ. 1945ರಲ್ಲಿ ಹದಿನೇಳನೆಯವಳಾಗಿ ಬಂದ 67 ವರ್ಷದ ಸೋಫಿಯಾ ಶಾಫ್ಸ್ಟಾಟ್ ಎದ್ದು ಕೂತಳು. ಆದರೂ ಪ್ರತಿ ಸಲವೂ ಹೊಸ ರಕ್ತನಾಳ ಕೊಯ್ಯಬೇಕಿತ್ತು. 1960ರಲ್ಲಿ ಸಿಯಾಟಲ್‌ನ ಬೆಲ್ಡಿಂಗ್ ಸ್ಕ್ರಿಬ್ನರ್ ಟೆಫ್ಲಾನ್ ಕೊಳವೆಯನ್ನು ಕೈಯಲ್ಲೇ ಉಳಿಸುವ ದಾರಿ ಕಂಡುಕೊಂಡ ಮೇಲೆ, ವರ್ಷಗಟ್ಟಲೆ ಡಯಾಲಿಸಿಸ್ ಸಾಧ್ಯವಾಯಿತು. ಇಂದು ನಮ್ಮ ರೋಗಿಗಳು ಕಿವಿಗಿಟ್ಟು ಗುಂಯ್ ಎನ್ನುತ್ತಿದೆಯೇ ಎಂದು ಪರೀಕ್ಷಿಸಿಕೊಳ್ಳುವ ತೋಳಿನ ಫಿಸ್ಟುಲಾ, ಅಂದರೆ ರಕ್ತನಾಳಗಳ ಜೋಡಣೆ, ಬಂದದ್ದು 1966ರಲ್ಲಿ.

ಯಂತ್ರವೇನೋ ಬಂತು. ಎಷ್ಟು ಹೊತ್ತು, ಯಾವಾಗಿಂದ, ಯಾವ ಮಾತ್ರೆಯ ಜೊತೆ? ಒಬ್ಬ ವೈದ್ಯರ ಅನುಭವ ಇನ್ನೊಬ್ಬರ ಅನುಭವಕ್ಕೆ ಎದುರಾಗಿ ನಿಂತಾಗ ತೀರ್ಪು ಕೊಡುವವರಾರು? ಇದಕ್ಕೆ ಸಿಕ್ಕ ಉತ್ತರ ನಮ್ಮ ಹಳ್ಳಿಗಳಿಗೆ ಹೊಸದಲ್ಲ, ಚೀಟಿ ಎತ್ತುವುದು. ಎರಡು ಬಗೆಯ ಚಿಕಿತ್ಸೆಯನ್ನು ಹೋಲಿಸಲು ಒಪ್ಪಿದ ರೋಗಿಗಳನ್ನು ಎರಡು ಗುಂಪು ಮಾಡುವಾಗ ವೈದ್ಯರ ಇಷ್ಟವಾಗಲಿ, ರೋಗಿಯ ಶಿಫಾರಸಾಗಲಿ ನಡೆಯದು. ಕಂಪ್ಯೂಟರ್ ಎತ್ತಿದ ಚೀಟಿಯೇ ಕೊನೆ. ನಮ್ಮ ಒಪ್ಪಿಗೆ ಪತ್ರಗಳಲ್ಲಿ ಇದನ್ನು ‘ಯಾದೃಚ್ಛಿಕ ವಿಂಗಡಣೆ’ ಎಂದು ಬರೆಯುತ್ತಾರೆ. ಆ ಪದವನ್ನು ಉಚ್ಚರಿಸಬಲ್ಲವರಿಗೇ ಅರ್ಥವಾಗುವುದು ಕಷ್ಟ.

ಈ ಚೀಟಿಗಳಿಂದ ಕಲಿತದ್ದರಲ್ಲಿ ‘ಹೆಚ್ಚು ಮಾಡಿದರೆ ಹೆಚ್ಚು ಒಳ್ಳೆಯದಲ್ಲ’ ಎಂಬುದೇ ದೊಡ್ಡ ಪಾಲು. 2010ರಲ್ಲಿ ಪ್ರಕಟವಾದ ಐಡಿಯಲ್ ಅಧ್ಯಯನ ಆಸ್ಟ್ರೇಲಿಯಾ, ನ್ಯೂಜಿಲೆಂಡ್‌ಗಳ 828 ಜನರಲ್ಲಿ ಕೇಳಿದ್ದು ಸರಳ ಪ್ರಶ್ನೆ: ಡಯಾಲಿಸಿಸ್ ಬೇಗ ಶುರು ಮಾಡಿದರೆ ಹೆಚ್ಚು ದಿನ ಬದುಕುತ್ತಾರೆಯೇ? ಇಲ್ಲ. ಕಾದವರು ಸರಾಸರಿ ಆರು ತಿಂಗಳು ತಡವಾಗಿ ಶುರು ಮಾಡಿದರೂ ಆಯಸ್ಸಿನಲ್ಲಿ ವ್ಯತ್ಯಾಸ ಬರಲಿಲ್ಲ. ವಾರಕ್ಕೆರಡು ಸಲದ ಲೆಕ್ಕದಲ್ಲಿ, ಆರು ತಿಂಗಳೆಂದರೆ ಸುಮಾರು ಐವತ್ತು ಬಸ್ ಪ್ರಯಾಣ, ಐವತ್ತು ದಿನದ ಕೂಲಿ. ಹಾಗೆಂದು ಮನೆಯಲ್ಲಿ ಸುಮ್ಮನೆ ಕೂರುವ ಹಾಗಿಲ್ಲ. ಕಾಯುವ ಗುಂಪಿನ ಮುಕ್ಕಾಲು ಪಾಲು ಜನಕ್ಕೆ ಊತ, ವಾಕರಿಕೆಯಂಥ ಲಕ್ಷಣಗಳು ಕಂಡು ಗೊತ್ತು ಮಾಡಿದ್ದಕ್ಕಿಂತ ಮೊದಲೇ ಶುರು ಮಾಡಬೇಕಾಯಿತು. ಕಾಯುವುದೆಂದರೆ ವೈದ್ಯರ ಕಣ್ಣೆದುರು ಕಾಯುವುದು.

ಇನ್ನೊಂದು ಅಧ್ಯಯನ ಅಚೀವ್. ಹೃದಯ ಸೋತವರಿಗೆ ಸ್ಪೈರೊನೊಲ್ಯಾಕ್ಟೋನ್ ಎಂಬ ಅಗ್ಗದ ಮಾತ್ರೆ ಜೀವ ಉಳಿಸುತ್ತದೆ ಎಂಬುದು ಹಳೆಯ ಮಾತು. ಡಯಾಲಿಸಿಸ್‌ನವರು ಹೆಚ್ಚಾಗಿ ಸಾಯುವುದೂ ಹೃದಯದಿಂದಲೇ. ಅವರಿಗೂ ಯಾಕೆ ಕೊಡಬಾರದು? ತೊಡಕು ಮತ್ತದೇ ಪೊಟ್ಯಾಸಿಯಂ, ಆ ಮಾತ್ರೆ ಅದನ್ನು ಏರಿಸುತ್ತದೆ. ಭಾರತವೂ ಸೇರಿ 12 ದೇಶಗಳ 2,538 ಡಯಾಲಿಸಿಸ್ ರೋಗಿಗಳು ಚೀಟಿಗೆ ಒಪ್ಪಿದರು. 2025ರಲ್ಲಿ ಬಂದ ಫಲಿತಾಂಶ: ಪ್ರಯೋಜನವಿಲ್ಲ. ಇದನ್ನು ಸೋಲು ಎನ್ನುವವರಿದ್ದಾರೆ. ನನಗಂತೂ ಇದು ಗೆಲುವು. ದಿನಕ್ಕೆ ಹತ್ತಾರು ಮಾತ್ರೆ ನುಂಗುವವರಿಗೆ ಒಂದು ಮಾತ್ರೆ ಬೇಡವೆಂದು ಖಚಿತವಾಗಿ ಹೇಳುವುದು ಸಣ್ಣ ಉಪಕಾರವಲ್ಲ.

ಒಳ್ಳೆಯ ಸುದ್ದಿಯೂ ಇದೆ. ಯೂರೋಪಿನ 1,360 ರೋಗಿಗಳ ಕನ್ವಿನ್ಸ್ ಅಧ್ಯಯನ 2023ರಲ್ಲಿ ಹೀಮೋಡಯಾಫಿಲ್ಟ್ರೇಷನ್ ಎಂಬ ಬೇರೊಂದು ಬಗೆಯ ಶುದ್ಧೀಕರಣದಿಂದ ಸಾವಿನ ಅಪಾಯ ಶೇ 23ರಷ್ಟು ಇಳಿಯಿತೆಂದು ಹೇಳಿತು. ಆದರೆ ಅದಕ್ಕೆ ಇನ್ನೂ ಹೆಚ್ಚು, ಇನ್ನೂ ಶುದ್ಧವಾದ ನೀರು ಬೇಕು. ಇಲ್ಲಿಗೆ ಬಂದಾಗ ಕೋಲಾರದವರು ನಿಟ್ಟುಸಿರು ಬಿಡಬೇಕು.

ಏಕೆಂದರೆ ಈಗಿನ ಸಾಮಾನ್ಯ ಡಯಾಲಿಸಿಸ್‌ಗೇ, ನಾಲ್ಕು ಗಂಟೆಯ ಒಂದು ಸರದಿಯಲ್ಲಿ, ಯಂತ್ರದೊಳಗೆ ಸುಮಾರು 120 ಲೀಟರ್ ನೀರು ಹರಿಯುತ್ತದೆ. ಮಂಚದ ಮೇಲೆ ಮಲಗಿದವನಿಗೆ ದಿನಕ್ಕೆ ಒಂದು ಲೀಟರ್ ಕುಡಿಯಲೂ ಅಪ್ಪಣೆಯಿಲ್ಲ. ಪಕ್ಕದ ಯಂತ್ರ ಬಿಂದಿಗೆಗಟ್ಟಲೆ ಕುಡಿಯುತ್ತದೆ. ವರ್ಷವಿಡೀ ಹರಿಯುವ ಒಂದು ಹೊಳೆಯಿಲ್ಲದ, ಬೋರ್‌ವೆಲ್ ಸಾವಿರ ಅಡಿ ದಾಟಿದ ಜಿಲ್ಲೆ ಇದು. ಬಂದ ನೀರಿನಲ್ಲೂ ಫ್ಲೋರೈಡ್. ಕುಡಿಯುವ ನೀರಿಗೆ ಭಾರತದ ಗರಿಷ್ಠ ಮಿತಿ ಲೀಟರಿಗೆ 1.5 ಮಿಲಿಗ್ರಾಂ. ಡಯಾಲಿಸಿಸ್ ನೀರಿಗೆ 0.2 ಮಾತ್ರ. ನೀರು ಹೊಟ್ಟೆಯ ದಾರಿ ಬಿಟ್ಟು ನೇರ ರಕ್ತದ ನೆರೆಗೆ ಬರುವಾಗ ಲೆಕ್ಕವೇ ಬೇರೆ. 1993ರಲ್ಲಿ ಷಿಕಾಗೊದ ಒಂದು ದೊಡ್ಡ ಆಸ್ಪತ್ರೆಯಲ್ಲಿ ನೀರು ಶುದ್ಧಿಯ ಘಟಕ ಕೈಕೊಟ್ಟು, ಫ್ಲೋರೈಡ್ ರಕ್ತಕ್ಕೆ ಸೇರಿ ಮೂವರು ರೋಗಿಗಳು ಸತ್ತರು. ಮಾಲೂರು, ಮುಳಬಾಗಿಲಿನಂಥ ಊರುಗಳಲ್ಲಿ ಡಯಾಲಿಸಿಸ್ ಘಟಕದ ಜೀವಾಳ ಯಂತ್ರವಲ್ಲ. ಅದರ ಹಿಂದಿನ ಕೋಣೆಯಲ್ಲಿ ನೀರು ಶುದ್ಧಿ ಮಾಡುವ ಆರ್‌ಓ ಘಟಕ, ಅದನ್ನು ನೋಡಿಕೊಳ್ಳುವ ತಂತ್ರಜ್ಞ. ಅವರ ಹೆಸರು ಯಾವ ಫಲಕದಲ್ಲೂ ಇರುವುದಿಲ್ಲ.

ಕೋಲಾರದಲ್ಲಿ ಇಂಥ ಪ್ರಶ್ನೆಗಳನ್ನು ಕೇಳಲು ಒಂದು ಮನೆಯಿದೆ. ಪೇಟೆಯಿಂದ ಮುಳಬಾಗಿಲು ರಸ್ತೆಯತ್ತ ಹೊರಟರೆ ಸಿಗುವ ಟಮಕದಲ್ಲಿ, ಆರ್.ಎಲ್. ಜಾಲಪ್ಪನವರು ಮುಂದಾಗಿ ಕಟ್ಟಿದ ದೇವರಾಜ ಅರಸು ವೈದ್ಯಕೀಯ ಕಾಲೇಜು 1986ರಿಂದ ನಡೆಯುತ್ತಿದೆ. 2007ರಲ್ಲಿ ಅದು ಡೀಮ್ಡ್ ವಿಶ್ವವಿದ್ಯಾಲಯದ ಭಾಗವಾಯಿತು. ಸ್ನಾತಕೋತ್ತರ ವಿದ್ಯಾರ್ಥಿಗಳೆಲ್ಲ ಪ್ರಬಂಧ ಬರೆಯಲೇಬೇಕು. ನಮ್ಮ ದೇಶದಲ್ಲಿ ಅಂಥ ಪ್ರಬಂಧಗಳಲ್ಲಿ ಬಹಳಷ್ಟು ಸಣ್ಣವು, ಒಂದೇ ಆಸ್ಪತ್ರೆಯೊಳಗಿನವು, ಕಪಾಟು ಸೇರಿ ಮರೆಯಾಗುವಂಥವು. ಆದರೆ ಇಲ್ಲಿನ ಪ್ರಶ್ನೆಗಳು ದೊಡ್ಡವು. ಹೊರದೇಶದ ದೊಡ್ಡ ಅಧ್ಯಯನಗಳ ರೋಗಿಗಳು ಹೆಚ್ಚಾಗಿ ವಾರಕ್ಕೆ ಮೂರು ಸಲ ಡಯಾಲಿಸಿಸ್ ಪಡೆಯುವವರು. ನಮ್ಮಲ್ಲಿ ಎರಡೇ ಸಲ ಪಡೆಯುವವರು ಬಹಳ. ಆ ಫಲಿತಾಂಶ ಈ ಮೈಗೆ ಎಷ್ಟು ಹೊಂದುತ್ತದೆ? ಕಟ್ಟು ಚೆಲ್ಲಿದ ಸೊಪ್ಪು, ಮುದ್ದೆಯ ಊಟದಲ್ಲಿ ಪೊಟ್ಯಾಸಿಯಂ ನಿಜವಾಗಿ ಎಷ್ಟು ಇಳಿಯುತ್ತದೆ? ಏಪ್ರಿಲ್ ಬಿಸಿಲಲ್ಲಿ ಹೊಲಕ್ಕಿಳಿಯುವವನಿಗೆ ನೀರಿನ ಮಿತಿ ಎಷ್ಟಿರಬೇಕು? ಇವನ್ನು ಸಿಯಾಟಲ್ ಕೇಳುವುದಿಲ್ಲ. ಕೋಲಾರವೇ ಕೇಳಬೇಕು.

ಕೇಳುವಾಗ ಭಾಷೆಯೂ ನೆನಪಿರಲಿ. ಮುಳಬಾಗಿಲು, ಶ್ರೀನಿವಾಸಪುರದ ಎಷ್ಟೋ ಮನೆಗಳಲ್ಲಿ ಮಾತು ತೆಲುಗು, ಓದು ಕನ್ನಡ, ಆಸ್ಪತ್ರೆಯ ಚೀಟಿ ಇಂಗ್ಲಿಷು. ಪ್ರಯೋಗಕ್ಕೆ ಒಪ್ಪಿಗೆ ಕೇಳುವುದಾದರೆ ರೋಗಿಗೆ ತಿಳಿಯುವ ಭಾಷೆಯಲ್ಲೇ ಕೇಳಬೇಕೆಂಬುದು ನಿಯಮ. ಓದು ಬಾರದವರಿದ್ದರೆ ಹೊರಗಿನ ಸಾಕ್ಷಿಯೊಬ್ಬರು ಪಕ್ಕದಲ್ಲಿ ಕೂರಬೇಕು. 2019ರ ಹೊಸ ಔಷಧ ಮತ್ತು ವೈದ್ಯಕೀಯ ಪ್ರಯೋಗ ನಿಯಮಗಳ ಪ್ರಕಾರ ನೈತಿಕ ಸಮಿತಿಯಲ್ಲಿ ಕನಿಷ್ಠ ಏಳು ಜನ, ಅರ್ಧದಷ್ಟು ಹೊರಗಿನವರು, ಅವರ ನಡುವೆ ಒಬ್ಬ ಸಾಮಾನ್ಯ ನಾಗರಿಕ. ಆ ಸಾಮಾನ್ಯ ನಾಗರಿಕರ ಕುರ್ಚಿಯೇ ಎಲ್ಲಕ್ಕಿಂತ ಮುಖ್ಯವೆಂದು ನನ್ನ ಅಭಿಪ್ರಾಯ. ‘ಯಾದೃಚ್ಛಿಕ’ ಎಂದರೇನು ಸ್ವಾಮಿ ಎಂದು ಅವರು ಕೇಳಿದರೆ ಸಾಕು.

ನಂದಿ ಬೆಟ್ಟದಲ್ಲಿ ಹುಟ್ಟುವ ಪಾಲಾರ್ ನದಿ ಬೇತಮಂಗಲ ದಾಟಿ ವೇಲೂರಿನ ಕಡೆಗೆ ಹೋಗುತ್ತದೆ. ನಮ್ಮ ಗಡಿಯ ರೋಗಿಗಳೂ ಎಷ್ಟೋ ಕಾಲದಿಂದ ಅತ್ತಲೇ ಹೋಗುತ್ತಾರೆ. 1971ರಲ್ಲಿ ದೇಶದ ಮೊದಲ ಯಶಸ್ವಿ ಕಿಡ್ನಿ ಕಸಿ ಆದದ್ದು ಆ ಊರಿನ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜಿನಲ್ಲೇ. ಮಾಲೂರಿನವರಿಗೆ ಬೆಂಗಳೂರಿನ ರೈಲು ಹತ್ತಿರ. ಎಲ್ಲಿಗೆ ಹೋದರೂ ಒಂದು ದಿನ ಬಿಳಿ ಕೋಟಿನವರೊಬ್ಬರು ಕಾಗದ ಹಿಡಿದು ನಿಮ್ಮ ಮಂಚದ ಪಕ್ಕ ನಿಲ್ಲಬಹುದು. ಹೆದರಬೇಡಿ, ಕಣ್ಣುಮುಚ್ಚಿ ಹೆಬ್ಬೆಟ್ಟೂ ಒತ್ತಬೇಡಿ. ಈ ಪ್ರಯೋಗದ ಸಿಟಿಆರ್‌ಐ ನೋಂದಣಿ ಸಂಖ್ಯೆ ಯಾವುದು? (ಸಿಟಿಆರ್‌ಐ ಎಂದರೆ ದೇಶದ ವೈದ್ಯಕೀಯ ಪ್ರಯೋಗಗಳ ನೋಂದಣಿ ದಾಖಲೆ. ಭಾರತದಲ್ಲಿ ಈ ನೋಂದಣಿ 2009ರ ಜೂನ್ 15ರಿಂದ ಕಡ್ಡಾಯ.) ನಡುವೆ ಬಿಟ್ಟು ಹೋದರೆ ನನ್ನ ಡಯಾಲಿಸಿಸ್‌ಗೆ ಏನೂ ತೊಂದರೆಯಿಲ್ಲವಷ್ಟೆ? ತೊಂದರೆಯಾದರೆ ಖರ್ಚು ಯಾರದು? ಈ ಮೂರನ್ನು ಕೇಳಿ. ಆಮೇಲೆ ಸಹಿ ಹಾಕುವುದಾದರೆ, ಫಲಿತಾಂಶ ಬಂದ ದಿನ ನನಗೂ ಒಂದು ಮಾತು ತಿಳಿಸಿ ಎಂದು ಹೇಳಿಬಿಡಿ.