ರೋಗಶಯ್ಯೆಯೂ ಸೇವಾಸ್ಥಾನವೇ

ಬೆಂಗಳೂರಿನಿಂದ ಪಡುವಲಿಗೆ ಮಾಗಡಿಯ ರಸ್ತೆಯನ್ನು ಹಿಡಿದು ಹೊರಟರೆ ಶ್ರೀಗಂಧದ ಕಾವಲ್ ಎಂಬ ಪ್ರದೇಶವು ದೊರೆಯುತ್ತದೆ. ಕಾವಲೆಂದರೆ ದನಕರುಗಳ ಮೇವಿಗಾಗಿ ಕಾದಿರಿಸಿದ ಭೂಮಿಯೆಂಬುದು ನಮ್ಮ ಸೀಮೆಯವರಿಗೆ ಹೊಸ ಮಾತಲ್ಲ. ಈಗ ಹೆಸರು ಮಾತ್ರ ಉಳಿದು, ಬಯಲನ್ನೆಲ್ಲ ಮನೆಗಳು ಆಕ್ರಮಿಸಿವೆ. ಇದರ ನೆರೆಯಲ್ಲಿಯೇ, ಮಾಗಡಿ ರಸ್ತೆಯನ್ನು ಹೊರವರ್ತುಲ ರಸ್ತೆಯು ಸಂಧಿಸುವೆಡೆಯಲ್ಲಿ, ಸುಮನಹಳ್ಳಿಯಿದೆ. ಪ್ರತಿದಿನವೂ ಸಹಸ್ರಾರು ಜನರು ಆ ಕೂಡುದಾರಿಯನ್ನು ದಾಟುವರು. ಅದು ಯಾವುದೋ ಹಳೆಯ ಗ್ರಾಮದ ಹೆಸರೆಂದೇ ಅವರಲ್ಲಿ ಅನೇಕರ ಭಾವನೆ. ನಿಜವಾಗಿ ಅದು ಕುಷ್ಠರೋಗದಿಂದ ನೊಂದವರಿಗಾಗಿ ಏರ್ಪಟ್ಟ ಒಂದು ಆಶ್ರಯಸ್ಥಾನದ ಹೆಸರು. ಒಳ್ಳೆಯ ಮನಸ್ಸುಳ್ಳವರ ಹಳ್ಳಿಯೆಂದು ಅದರ ಅರ್ಥ. 1970ರ ದಶಕದ ಕೊನೆಯ ಭಾಗದಲ್ಲಿ, ಬೀದಿಯಲ್ಲಿ ಬೇಡುತ್ತಿದ್ದ ಕುಷ್ಠರೋಗಿಗಳಿಗೆ ಒಂದು ನೆಲೆಯನ್ನು ಕಲ್ಪಿಸಬೇಕೆಂಬ ಸರ್ಕಾರದ ಕೋರಿಕೆಯಂತೆ, ಬೆಂಗಳೂರಿನ ಕ್ಯಾಥೊಲಿಕ್ ಮಹಾಧರ್ಮಪ್ರಾಂತವು ಅದನ್ನು ಆರಂಭಿಸಿತು.

ಈ ಸ್ಥಳವನ್ನು ನೆನೆದು ನಾವು ಇಂದು ಒಂದು ಪ್ರಶ್ನೆಯನ್ನು ವಿಚಾರ ಮಾಡೋಣ. ರೋಗಿಯಾದವನು ಇತರರಿಗೆ ಉಪಕಾರಿಯಾಗಬಲ್ಲನೆ? ಆಸ್ಪತ್ರೆಯಲ್ಲಿ ಮಲಗಿದವರನ್ನು ದೇಹದ ನೋವಿಗಿಂತಲೂ ಹೆಚ್ಚಾಗಿ ಬಾಧಿಸುವ ಚಿಂತೆಯೊಂದುಂಟು. ತಾನು ಮನೆಯವರಿಗೆ ಭಾರವಾದೆನಲ್ಲ, ಇನ್ನು ತನ್ನಿಂದ ಯಾರಿಗೂ ಪ್ರಯೋಜನವಿಲ್ಲವಲ್ಲ, ಎಂಬುದೇ ಆ ಚಿಂತೆ. ನಿನ್ನೆಯವರೆಗೆ ಹತ್ತು ಜನರಿಗೆ ಅಪ್ಪಣೆ ಕೊಡುತ್ತಿದ್ದವನು ಇಂದು ನೀರಿನ ಲೋಟಕ್ಕೂ ಇನ್ನೊಬ್ಬರ ಕೈಯನ್ನು ನೋಡಬೇಕಾಗುವುದು. ಇಂತಹ ಸಮಯದಲ್ಲಿ ಕ್ರೈಸ್ತಧರ್ಮವು ತನ್ನ ಅನುಯಾಯಿಗೆ ಏನು ಹೇಳುತ್ತದೆಂಬುದನ್ನು ಅನ್ಯಮತೀಯರೂ ತಿಳಿಯುವುದರಲ್ಲಿ ಪ್ರಯೋಜನವಿದೆ. ಏಕೆಂದರೆ ರೋಗವು ಮತಭೇದವನ್ನು ಅರಿಯದು.

ರೋಗಿಯನ್ನು ನೋಡಿಕೊಂಡವನು ತನ್ನನ್ನೇ ನೋಡಿಕೊಂಡಂತೆ ಎಂದು ಯೇಸು ತನ್ನ ಶಿಷ್ಯರಿಗೆ ಬೋಧಿಸಿದನೆಂದು ಮತ್ತಾಯನ ಸುವಾರ್ತೆಯಿಂದ ತಿಳಿದುಬರುತ್ತದೆ. ಕ್ರೈಸ್ತರು ಹೋದೆಡೆಯಲ್ಲೆಲ್ಲ ಆಸ್ಪತ್ರೆಗಳನ್ನು ಕಟ್ಟಿದುದಕ್ಕೆ ಈ ಬೋಧನೆಯೇ ಮೂಲ. ಬೆಂಗಳೂರಿನಲ್ಲಿ 1886ರಲ್ಲಿ ಸಂತ ಮಾರ್ಥಾ ಆಸ್ಪತ್ರೆಯೂ, ಮೈಸೂರಿನಲ್ಲಿ 1906ರಲ್ಲಿ ಹೋಲ್ಡ್ಸ್‌ವರ್ತ್ ಸ್ಮಾರಕ ಆಸ್ಪತ್ರೆಯೂ ಸ್ಥಾಪಿತವಾದುವು. ಇದು ಎಲ್ಲರೂ ಬಲ್ಲ ವಿಷಯ. ಆದರೆ ಇದು ಆರೋಗ್ಯವಂತರು ರೋಗಿಗೆ ಮಾಡುವ ಸೇವೆಯ ಮಾತಾಯಿತು. ರೋಗಿಯೇ ಮಾಡುವ ಸೇವೆಯನ್ನು ಕುರಿತು ಸತ್ಯವೇದದಲ್ಲಿ ಏನಿದೆಯೆಂಬುದು ಅಷ್ಟಾಗಿ ಪ್ರಚಾರದಲ್ಲಿಲ್ಲ.

ಅರಸುಗಳ ಎರಡನೆಯ ಗ್ರಂಥದಲ್ಲಿ ಒಂದು ಕಥೆ ಬರುತ್ತದೆ. ಸಮಾರ್ಯವೆಂಬ ಪಟ್ಟಣಕ್ಕೆ ಅರಾಮ್ಯರ ಸೈನ್ಯವು ಮುತ್ತಿಗೆ ಹಾಕಿತ್ತು. ಒಳಗೆ ಜನರು ಅನ್ನವಿಲ್ಲದೆ ಸಾಯುತ್ತಿದ್ದರು. ಊರಬಾಗಿಲಿನ ಹೊರಗೆ ನಾಲ್ವರು ಕುಷ್ಠರೋಗಿಗಳಿದ್ದರು. ರೋಗದ ದೆಸೆಯಿಂದ ಅವರಿಗೆ ಊರೊಳಗೆ ಪ್ರವೇಶವಿರಲಿಲ್ಲ. ಒಳಗೆ ಹೋದರೂ ಸಾವು, ಇಲ್ಲಿದ್ದರೂ ಸಾವು, ಶತ್ರುವಿನ ಪಾಳೆಯಕ್ಕಾದರೂ ಹೋಗಿ ನೋಡೋಣವೆಂದು ಅವರು ಸಂಜೆಗತ್ತಲಲ್ಲಿ ಹೊರಟರು. ಅಲ್ಲಿ ನೋಡಿದರೆ ಪಾಳೆಯವು ಬರಿದಾಗಿತ್ತು. ಯಾವುದೋ ದೊಡ್ಡ ಸೈನ್ಯದ ಸಪ್ಪಳವನ್ನು ಕೇಳಿದಂತಾಗಿ, ಶತ್ರುಗಳು ಗುಡಾರಗಳನ್ನೂ ಕುದುರೆಗಳನ್ನೂ ಬಿಟ್ಟು ಓಡಿಹೋಗಿದ್ದರು. ನಾಲ್ವರೂ ಹೊಟ್ಟೆ ತುಂಬ ಉಂಡರು. ಬೆಳ್ಳಿಬಂಗಾರವನ್ನು ಒಯ್ದು ಬಚ್ಚಿಟ್ಟರು. ಆ ಮೇಲೆ ಅವರಿಗೆ ಮನಸ್ಸು ಚುಚ್ಚಿತು. ಇಂತಹ ಶುಭವಾರ್ತೆಯನ್ನು ತಮ್ಮಲ್ಲಿಯೇ ಇಟ್ಟುಕೊಳ್ಳುವುದು ಸರಿಯಲ್ಲವೆಂದು ಪರಸ್ಪರ ಹೇಳಿಕೊಂಡು, ಆ ರಾತ್ರಿಯೇ ಹಿಂದಿರುಗಿ ಬಂದು ಬಾಗಿಲು ಕಾಯುವವರನ್ನು ಕೂಗಿ ತಿಳಿಸಿದರು. ಪಟ್ಟಣವು ಉಳಿಯಿತು.

ಈ ಕಥೆಯಲ್ಲಿ ಗಮನಿಸತಕ್ಕ ಅಂಶವೇನು? ತಮ್ಮನ್ನು ಹೊರಗಿಟ್ಟ ಊರಿನ ಮೇಲೆ ಆ ನಾಲ್ವರು ಹಗೆ ಸಾಧಿಸಬಹುದಾಗಿತ್ತು, ಸಾಧಿಸಲಿಲ್ಲ. ಅವರ ರೋಗವೂ ವಾಸಿಯಾಯಿತೆಂದು ಕಥೆಯು ಹೇಳುವುದಿಲ್ಲ. ರೋಗಿಗಳಾಗಿಯೇ ಇದ್ದು ಅವರು ಊರಿಗೆ ಪ್ರಾಣದಾನ ಮಾಡಿದರು. ಸಂತ ಪೌಲನೂ ಇದೇ ಬಗೆಯ ಅನುಭವವನ್ನು ಹೇಳಿರುವನು. ಗಲಾತ್ಯದವರಿಗೆ ಬರೆದ ಪತ್ರಿಕೆಯಲ್ಲಿ, ತಾನು ಮೊದಲು ಅವರ ನಡುವೆ ಬೋಧಿಸಲು ತನ್ನ ಶರೀರದ ಅಸ್ವಸ್ಥತೆಯೇ ಕಾರಣವಾಯಿತೆಂದು ಅವನು ನೆನೆಯುತ್ತಾನೆ.

ಈಗ ಕುಷ್ಠರೋಗದ ವಾಸ್ತವ ಸ್ಥಿತಿಯನ್ನು ಸ್ವಲ್ಪ ತಿಳಿಯೋಣ. ಇದು ಪಾಪದ ಫಲವೂ ಅಲ್ಲ, ವಂಶದ ಶಾಪವೂ ಅಲ್ಲ. ಇದರ ಕ್ರಿಮಿಯನ್ನು ನಾರ್ವೆ ದೇಶದ ಹ್ಯಾನ್ಸೆನ್ ಎಂಬ ವೈದ್ಯನು 1873ರಲ್ಲಿ ಕಂಡುಹಿಡಿದನು. ಬಹುಪಾಲು ಜನರಿಗೆ ಈ ಕ್ರಿಮಿಯನ್ನು ತಡೆಯುವ ಶಕ್ತಿ ಹುಟ್ಟಿನಿಂದಲೇ ಇರುತ್ತದೆ. ಎರಡು ಮೂರು ಔಷಧಗಳನ್ನು ಕೂಡಿಸಿ ಕೊಡುವ ಚಿಕಿತ್ಸೆಯನ್ನು ವಿಶ್ವ ಆರೋಗ್ಯ ಸಂಸ್ಥೆಯು 1981ರಲ್ಲಿ ಶಿಫಾರಸು ಮಾಡಿದ ಮೇಲೆ, ಆರು ತಿಂಗಳು ಅಥವಾ ಒಂದು ವರ್ಷದ ಔಷಧಸೇವನೆಯಿಂದ ರೋಗವು ಗುಣವಾಗುತ್ತದೆ. ಔಷಧವನ್ನು ಆರಂಭಿಸಿದ ಸ್ವಲ್ಪ ಕಾಲದಲ್ಲಿಯೇ ರೋಗಿಯಿಂದ ಇತರರಿಗೆ ಹರಡುವ ಭಯವೂ ನೀಗುವುದು. 2005ರ ಕೊನೆಗೆ ಭಾರತದಲ್ಲಿ ರೋಗಿಗಳ ಪ್ರಮಾಣವು 10,000 ಜನರಿಗೆ ಒಬ್ಬರಿಗಿಂತ ಕೆಳಗಿಳಿಯಿತು. ಆದರೂ ವರ್ಷಕ್ಕೆ ಸುಮಾರು ಒಂದು ಲಕ್ಷ ಹೊಸ ರೋಗಿಗಳು ಪತ್ತೆಯಾಗುತ್ತಲೇ ಇದ್ದಾರೆ. ರೋಗಕ್ಕೆ ಔಷಧ ಬಂದಷ್ಟು ಬೇಗನೆ ಭಯಕ್ಕೆ ಔಷಧ ಬರಲಿಲ್ಲ. ಕುಷ್ಠರೋಗಿಗಳನ್ನು ಕೂಡಿಹಾಕಲು ಅವಕಾಶ ಕೊಟ್ಟ 1898ರ ಕಾಯಿದೆಯು ರದ್ದಾದುದು 2016ರಲ್ಲಿ. ಈ ರೋಗವನ್ನು ವಿವಾಹವಿಚ್ಛೇದನದ ಕಾರಣಗಳ ಪಟ್ಟಿಯಿಂದ ತೆಗೆದುದು 2019ರಲ್ಲಿ.

ಈ ರೋಗದ ವಿಷಯದಲ್ಲಿ ರೋಗಿಗಳೇ ಲೋಕಕ್ಕೆ ಉಪಕರಿಸಿದ ಒಂದು ಪ್ರಸಂಗವು ನಮ್ಮ ನೆರೆನಾಡಿನ ವೇಲೂರಿನಲ್ಲಿ ನಡೆಯಿತು. ಅಲ್ಲಿಯ ಕ್ರೈಸ್ತ ವೈದ್ಯಕೀಯ ಕಾಲೇಜಿಗೆ 1946ರಲ್ಲಿ ಬಂದ ಪಾಲ್ ಬ್ರ್ಯಾಂಡ್ ಎಂಬ ಶಸ್ತ್ರವೈದ್ಯರು, ಕುಷ್ಠದಿಂದ ಮುದುಡಿದ ಕೈಬೆರಳುಗಳನ್ನು ಸ್ನಾಯುರಜ್ಜುಗಳ ಸ್ಥಾನಪಲ್ಲಟದಿಂದ ಸರಿಪಡಿಸಲು ಯತ್ನಿಸಿದರು. ಅದುವರೆಗೆ ಯಾರೂ ಮಾಡಿ ನೋಡದ ಆ ಶಸ್ತ್ರಕ್ರಿಯೆಗೆ ಮೊದಲು ಕೈಯೊಡ್ಡಿದವರು ಬಡ ರೋಗಿಗಳು. ಬೆರಳುಗಳು ತಾವಾಗಿ ಕೊಳೆತು ಬೀಳುವುದಿಲ್ಲ, ನೋವಿನ ಅರಿವಿಲ್ಲದ ಕಾರಣ ಸುಟ್ಟ ಗಾಯ, ಕೊಯ್ದ ಗಾಯಗಳಿಂದ ನಷ್ಟವಾಗುತ್ತವೆ ಎಂಬ ತತ್ತ್ವವೂ ಅಂತಹ ರೋಗಿಗಳ ದಿನಚರಿಯನ್ನು ನೋಡಿ ನೋಡಿ ಸ್ಪಷ್ಟವಾಯಿತು. ಇಂದು ಎಲ್ಲೆಡೆಯೂ ಸ್ಪರ್ಶಜ್ಞಾನವಿಲ್ಲದ ಕಾಲಿಗೆ ಮೆತ್ತನೆಯ ಪಾದರಕ್ಷೆಯನ್ನು ಕೊಡುತ್ತಿದ್ದರೆ, ಅದರ ಹಿಂದೆ ಈ ಅರಿವಿದೆ.

ಅದೇ ವೇಲೂರಿನಲ್ಲಿ ವೈದ್ಯೆಯಾಗಿದ್ದ ಮೇರಿ ವರ್ಗೀಸ್ ಎಂಬ ಯುವತಿಯು 1954ರಲ್ಲಿ ಮೋಟಾರು ಅಪಘಾತಕ್ಕೆ ಸಿಕ್ಕಿ, ನಡುವಿನ ಕೆಳಗೆ ಸ್ವಾಧೀನವನ್ನು ಕಳೆದುಕೊಂಡರು. ವೈದ್ಯರಾಗಿದ್ದ ಆಸ್ಪತ್ರೆಯಲ್ಲಿಯೇ ರೋಗಿಯಾಗಿ ಮಲಗಿದರು. ಕಾಲುಗಳು ಹೋದರೂ ಕೈಗಳು ಉಳಿದಿದ್ದುವು. ಗಾಲಿಕುರ್ಚಿಯಲ್ಲಿ ಕುಳಿತೇ ಶಸ್ತ್ರವಿದ್ಯೆಯನ್ನು ಅಭ್ಯಾಸಮಾಡಿ, ಕುಷ್ಠರೋಗಿಗಳ ಕೈಗಳಿಗೆ ಶಸ್ತ್ರಕ್ರಿಯೆ ಮಾಡಿದರು. ಮುಂದೆ ಅಂಗವಿಕಲರ ಪುನರ್ವಸತಿಯ ವೈದ್ಯಶಾಸ್ತ್ರವನ್ನು ವಿದೇಶದಲ್ಲಿ ಕಲಿತು ಬಂದು, ವೇಲೂರಿನಲ್ಲಿ ಅದಕ್ಕೊಂದು ವಿಭಾಗವನ್ನೇ ಬೆಳೆಸಿದರು. 1972ರಲ್ಲಿ ಭಾರತ ಸರ್ಕಾರವು ಅವರಿಗೆ ಪದ್ಮಶ್ರೀ ಪ್ರಶಸ್ತಿಯನ್ನಿತ್ತಿತು. ಅವರ ಕುರ್ಚಿಯನ್ನು ಕಂಡ ರೋಗಿಗೆ ಬೇರೆ ಉಪದೇಶ ಬೇಕಾಗುತ್ತಿರಲಿಲ್ಲವೆಂದು ನಾವು ಊಹಿಸಬಹುದು.

ಎಲ್ಲರೂ ಮೇರಿ ವರ್ಗೀಸರಾಗಲಾರರೆಂದು ಯಾರಾದರೂ ಹೇಳಿದರೆ ಆ ಮಾತು ನ್ಯಾಯವಾದುದೇ. ಸಾಮಾನ್ಯ ವಾರ್ಡಿನ ಸಾಮಾನ್ಯ ರೋಗಿಯು ಏನು ಮಾಡಬಲ್ಲನೆಂಬುದನ್ನು ನೋಡೋಣ. ಪಕ್ಕದ ಮಂಚದವರಿಗೆ ರಾತ್ರಿ ಉಸಿರು ಕಟ್ಟಿದರೆ ದಾದಿಯನ್ನು ಕೂಗಬಲ್ಲನು. ಮರುದಿನ ಶಸ್ತ್ರಕ್ರಿಯೆಯಿರುವ ಹೊಸಬನ ಹೆದರಿಕೆಯನ್ನು ಕೇಳಿಕೊಳ್ಳಬಲ್ಲನು. ತಾನೂ ಅದನ್ನು ದಾಟಿ ಬಂದೆನೆಂದು ಅವನು ಹೇಳಿದರೆ, ವೈದ್ಯರ ಹತ್ತು ಮಾತಿಗಿಲ್ಲದ ಬಲ ಆ ಒಂದು ಮಾತಿಗಿರುವುದು. ನೋಡಲು ಬರುವವರಿಲ್ಲದ ರೋಗಿಗೆ ತನ್ನ ಮನೆಯ ಬುತ್ತಿಯಲ್ಲಿ, ವೈದ್ಯರ ಅನುಮತಿಯಿದ್ದರೆ, ಪಾಲು ಕೊಡಬಲ್ಲನು. ನೆಲ ಒರಸುವ ಆಯಾಳನ್ನು ಹೆಸರು ಹಿಡಿದು ಕರೆದು, ಉಪಕಾರವಾಯಿತಮ್ಮ ಎನ್ನಬಲ್ಲನು. ಕೊಟ್ಟ ಔಷಧವನ್ನು ಅವಧಿ ಮುಗಿಯುವವರೆಗೆ ತಪ್ಪದೆ ಸೇವಿಸುವುದೂ ಪರೋಪಕಾರವೇ. ಕ್ಷಯ ಕುಷ್ಠಗಳಂತಹ ರೋಗಗಳಲ್ಲಿ ಅದು ನೆರೆಯವರನ್ನು ರಕ್ಷಿಸುವುದು. ಇವುಗಳ ಜತೆಗೆ, ಕ್ರೈಸ್ತನಾದವನು ಪ್ರಾರ್ಥನೆಯನ್ನು ಸೇರಿಸುವನು. ಕೈಕಾಲು ಆಡದಿದ್ದಾಗಲೂ, ವಾರ್ಡಿನಲ್ಲಿರುವವರನ್ನು ಒಬ್ಬೊಬ್ಬರನ್ನಾಗಿ ದೇವರ ಸನ್ನಿಧಿಯಲ್ಲಿ ನೆನೆಯುವುದು ಸೇವೆಯೆಂದೇ ಅವನ ನಂಬಿಕೆ.

ಇಲ್ಲಿ ಕೆಲವು ಎಚ್ಚರಿಕೆಗಳೂ ಅವಶ್ಯಕ. ಎದ್ದು ಹೋಗಲಾರದವನ ಕಿವಿಯಲ್ಲಿ ಮತವನ್ನು ಬೋಧಿಸುವುದು ಉಪಕಾರವಲ್ಲ. ಅವನಾಗಿ ಕೇಳಿದರೆ ಹೇಳಬಹುದು. ಕೇಳದಿದ್ದರೆ ಮೌನವೇ ಮರ್ಯಾದೆ. ನಿನ್ನ ಪಾಪದಿಂದ ನಿನಗೆ ಈ ರೋಗ ಬಂದಿತೆನ್ನುವುದಂತೂ ಕ್ರೌರ್ಯ. ಹುಟ್ಟುಕುರುಡನೊಬ್ಬನನ್ನು ತೋರಿಸಿ, ಇದು ಯಾರ ಪಾಪದ ಫಲವೆಂದು ಶಿಷ್ಯರು ಕೇಳಿದಾಗ, ಅವನದೂ ಅಲ್ಲ, ಅವನ ಹೆತ್ತವರದೂ ಅಲ್ಲವೆಂದು ಯೇಸು ಉತ್ತರಿಸಿದ ಪ್ರಸಂಗವು ಯೋಹಾನನ ಸುವಾರ್ತೆಯಲ್ಲಿದೆ. ನಂಬಿದರೆ ಸಾಕು, ಔಷಧವೇ ಬೇಡವೆಂದು ಭರವಸೆ ಕೊಡುವುದೂ ತಪ್ಪು. ಪೌಲನು ತನ್ನ ದೇಹದ ಮುಳ್ಳೊಂದನ್ನು ತೆಗೆಯಬೇಕೆಂದು ಮೂರು ಬಾರಿ ಬೇಡಿಕೊಂಡರೂ ಅದು ಹೋಗಲಿಲ್ಲ. ಸಹಿಸುವ ಬಲವು ಮಾತ್ರ ದೊರೆಯಿತು.

ಇನ್ನೂ ಒಂದು ಪ್ರಶ್ನೆ ಉಳಿಯುತ್ತದೆ. ಮಾತನಾಡಲಾರದಷ್ಟು, ಪ್ರಾರ್ಥಿಸಲಾರದಷ್ಟು ನೋವಿನಲ್ಲಿರುವವನ ಗತಿಯೇನು? ಅವನು ನಿಷ್ಪ್ರಯೋಜಕನೆ? ಯೇಸು ತನ್ನ ಕೊನೆಯ ರಾತ್ರಿ ಶಿಷ್ಯರ ಕಾಲುಗಳನ್ನು ತೊಳೆಯಲು ಬಂದಾಗ, ಪೇತ್ರನು ಸಂಕೋಚದಿಂದ ಒಲ್ಲೆನೆಂದನು. ತೊಳೆಯಲು ಬಿಡದಿದ್ದರೆ ನಮ್ಮಿಬ್ಬರಿಗೂ ಪಾಲುಗಾರಿಕೆಯಿಲ್ಲವೆಂಬ ಅರ್ಥದ ಉತ್ತರವು ಬಂದಿತು. ಸೇವೆಯನ್ನು ಮಾಡುವುದಕ್ಕಿಂತಲೂ ಸ್ವೀಕರಿಸುವುದು ಕೆಲವರಿಗೆ ಕಷ್ಟ. ಮಗಳು ತಲೆ ಬಾಚಲು ಬಂದಾಗ ಸುಮ್ಮನೆ ಬಾಗುವ ತಾಯಿಯು ಮಗಳಿಗೆ ಏನನ್ನೂ ಕೊಡುತ್ತಿಲ್ಲವೆಂದು ಹೇಳಬಹುದೆ? ದಾಸೋಹವನ್ನು ಬಲ್ಲ ನಾಡಿನವರಾದ ನಮಗೆ ಈ ಭಾವವು ಅಪರಿಚಿತವಲ್ಲ. ಮಾಡುವವನಿಗೆ ಅವಕಾಶ ಕೊಡುವವನೂ ಅದರಲ್ಲಿ ಭಾಗಿ.

ಸುಮನಹಳ್ಳಿಯ ಕಡೆಗೆ ಮತ್ತೆ ತಿರುಗೋಣ. ಬೇಡುವ ಕೈಗಳಿಗೆ ಅಲ್ಲಿ ಚಿಕಿತ್ಸೆಯೊಂದಿಗೆ ಚರ್ಮದ ಕೆಲಸ, ಹೊಲಿಗೆ ಮೊದಲಾದ ಕಸುಬುಗಳನ್ನು ಕಲಿಸಿದರು. ಕುಷ್ಠವು ಇಳಿಮುಖವಾದ ಮೇಲೆ ಆ ಆಶ್ರಯಸ್ಥಾನವು ಎಚ್‌ಐವಿ ಸೋಂಕಿತರಿಗೂ ಅಂಗವಿಕಲರಿಗೂ ಬಾಗಿಲು ತೆರೆಯಿತು. ಒಮ್ಮೆ ಊರ ಹೊರಗಿದ್ದ ಆ ಸ್ಥಳವನ್ನು ಇಂದು ಊರೇ ಬಂದು ಸುತ್ತುವರಿದಿದೆ. ಅಲ್ಲಿ ವಾಸಿಸಿದವರ ಹೆಸರನ್ನು ನಗರವು ಅರಿಯದು; ಆದರೆ ಅವರಿಂದ ಬಂದ ಸ್ಥಳದ ಹೆಸರನ್ನು ದಿನವೂ ಉಚ್ಚರಿಸುತ್ತಿದೆ.

ಗಂಧದ ಕೊರಡು ತೇಯ್ದಷ್ಟೂ ಕಂಪನ್ನು ಬೀರುವುದೆಂಬುದು ನಮ್ಮವರ ಹಳೆಯ ನುಡಿ. ತೇಯುವಿಕೆಯನ್ನು ಯಾರೂ ಬೇಡಿ ಪಡೆಯಬೇಕಾಗಿಲ್ಲ. ಬಂದಾಗ ಅದು ವ್ಯರ್ಥವಾಗಬೇಕಾಗಿಯೂ ಇಲ್ಲ. ಮುಂದೆ ನಾವು ಆಸ್ಪತ್ರೆಗೆ ಹಣ್ಣುಹಂಪಲುಗಳೊಡನೆ ಯಾರನ್ನಾದರೂ ನೋಡಲು ಹೋದಾಗ, ಕೊಟ್ಟು ಬರುವುದಷ್ಟೇ ನಮ್ಮ ಕೆಲಸವೆಂದು ತಿಳಿಯದೆ, ಮಂಚದ ಬಳಿ ಸ್ವಲ್ಪ ಹೊತ್ತು ಕುಳಿತು, ಅವರು ನಮಗೆ ಹೇಳುವುದೇನಾದರೂ ಉಂಟೇ ಎಂದು ಕೇಳಿ ಬರೋಣ.